ಹದಿನಾಲ್ಕನೆಯ ಪ್ಯಾರಾದ ನಡುವೆ

ಗಗನಾಳ ಹಾಳೆಗೆ ಇಂಗ್ಲಿಷ್ ಮೇಷ್ಟ್ರು ಸತ್ಯಮೂರ್ತಿ ಅಂಕ ಹಾಕಿರಲಿಲ್ಲ. ಕೆಂಪು ಶಾಯಿಯಲ್ಲಿ ಒಂದು ಸಾಲು ಗೀಚಿದ್ದರು: 'ಹದಿನಾಲ್ಕನೆಯ ಪ್ಯಾರಾದ ನಡುವೆ ಏನಿದೆ?'

ವಿಶಾಖಪಟ್ಟಣದ ಆ ಕಾಲೇಜಿನಲ್ಲಿ ಎರಡನೇ ವರ್ಷದವರಿಗೆ ಅವರು ಕೊಟ್ಟ ಕೆಲಸ ಇಷ್ಟೇ. ಯಾವುದಾದರೊಂದು ಸರಕಾರಿ ವರದಿಯ ಸಾರಾಂಶ ಬರೆಯಬೇಕು, ಮೂಲವನ್ನೂ ಲಗತ್ತಿಸಬೇಕು. ಗಗನಾ ಹೊಸದಾಗಿ ಮೈ ಬಗ್ಗಿಸಲಿಲ್ಲ. ಬೇಸಿಗೆಯಲ್ಲಿ ಕೊಂಡಪಲ್ಲಿಯ ಅತ್ತೆಗೆಂದು ಮಾಡಿದ್ದ ಸಾರಾಂಶ ಇತ್ತಲ್ಲ, ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಕೊಟ್ಟಳು.

ಅದು ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅವಳ ಸೋದರಮಾವ ಕಾಮೇಶ್ವರ ಸತ್ತ ಸ್ಫೋಟದ ವಿಚಾರಣಾ ವರದಿ, ಹದಿನೆಂಟು ಪುಟ. ಅವನ ಜೊತೆ ಪಕ್ಕದ ಬೀದಿಯ ಸೂರ್ಯಪ್ರಕಾಶನೂ ಸತ್ತಿದ್ದ. ಇಂಗ್ಲಿಷ್ ಕಲಿತ ಹುಡುಗಿ ಎಂದು ಅತ್ತೆ ಕನಕಲಕ್ಷ್ಮಿ ವರದಿಯನ್ನು ಅವಳ ಕೈಗೇ ಕೊಟ್ಟಿದ್ದಳು. ಪ್ರತಿ ಪ್ಯಾರಾದ ಮೊದಲ ವಾಕ್ಯ, ಕೊನೆಯ ವಾಕ್ಯ ಹೆಕ್ಕಿ ಹೊಲಿಯುವ ಉಪಾಯವನ್ನು ಎಂವಿಪಿ ಕಾಲೋನಿಯ ಕೋಚಿಂಗ್ ಸೆಂಟರ್ ಕಲಿಸಿತ್ತು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿದಿತ್ತು. ಸಾರಾಂಶ ಹೇಳಿದ್ದು ಇಷ್ಟು: ಕಾಮೇಶ್ವರನ ನಿರ್ಲಕ್ಷ್ಯವೇ ಕಾರಣ. ಆಕ್ಷೇಪಣೆಗೆ ಅರವತ್ತು ದಿನ.

"ಏನಂತ ಆಕ್ಷೇಪಣೆ ಹಾಕ್ಲಿ?" ಎಂದಿದ್ದಳು ಅತ್ತೆ. ಸೂರ್ಯಪ್ರಕಾಶನ ಹೆಂಡತಿ ಉಮಾದೇವಿ ನಡುಬೀದಿಯಲ್ಲಿ ನಿಂತು, ನಿನ್ನ ಗಂಡ ನನ್ನ ಗಂಡನನ್ನು ತಿಂದ ಎಂದಾಗಲೂ ಅತ್ತೆ ತಲೆ ಎತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಸತ್ಯಮೂರ್ತಿ ವರದಿಯನ್ನು ಅವಳ ಮುಂದೆ ತಳ್ಳಿದರು.

"ಇದ್ಯಾವ ಸೀಮೆಯ ಸಾರಾಂಶ ತಾಯೀ? ತಲೆ, ಬಾಲ ಬಡಿಸಿ ಮೀನು ಎಸೆದುಬಿಟ್ಟಿದ್ದೀಯ."

"ಪರೀಕ್ಷೆಗೆ ಇಷ್ಟು ಸಾಕು ಅಂತ, ಸರ್..."

"ಪರೀಕ್ಷೆಗೆ ಸಾಕು. ಈಗ ನಡುವಿನದು ಓದು."

ಓದಿದಳು. ಮೊದಲ ವಾಕ್ಯ: ಬಾಯ್ಲರಿನ ತಪಾಸಣೆ ನಿಯಮದಂತೆ ನಡೆಯುತ್ತಿತ್ತು. ಕೊನೆಯ ವಾಕ್ಯ: ಒತ್ತಡ ಏರಿದಾಗ ಕಾಮೇಶ್ವರ ಸಕಾಲದಲ್ಲಿ ಬೆಂಕಿ ಆರಿಸಲಿಲ್ಲ. ಎರಡರ ನಡುವೆ, ಅರ್ಧ ಪುಟದ ಅಂಕಿಅಂಶಗಳಡಿ ಉಸಿರುಗಟ್ಟಿಕೊಂಡು ಒಂದು ಸಾಲು ಬಿದ್ದಿತ್ತು: ಸೇಫ್ಟಿ ವಾಲ್ವ್ ಕೆಟ್ಟಿದೆಯೆಂದು ಸದರಿ ಕಾಮೇಶ್ವರ ಎರಡು ಬಾರಿ ಬರೆದುಕೊಟ್ಟಿದ್ದು, ಉತ್ಪಾದನೆ ನಿಲ್ಲಬಾರದೆಂದು ದುರಸ್ತಿಯನ್ನು ಮುಂದೂಡಲಾಗಿತ್ತು.

ವರದಿ ಬರೆದ ಸಾಹೇಬರು ಸುಳ್ಳು ಹೇಳಿರಲಿಲ್ಲ. ಓದುವವರು ಎಲ್ಲಿಂದ ಎಲ್ಲಿಗೆ ಹಾರುತ್ತಾರೆಂದು ಅವರಿಗೆ ಗೊತ್ತಿತ್ತು, ಅಷ್ಟೇ. ಗಗನಾ ಹಾರಿದ್ದಳು.

"ಅರವತ್ತು ದಿನ?" ಎಂದರು ಸತ್ಯಮೂರ್ತಿ.

"ದಾಟಿ ಮೂರು ವಾರ ಆಯ್ತು, ಸರ್."

ಅವರು ಪೆನ್ನಿನ ಕ್ಯಾಪ್ ಹಾಕಿದರು.

ಮರುದಿನ ರೈಲು ಹತ್ತಿದಳು. ಅನಕಾಪಲ್ಲಿಯ ಬೆಲ್ಲದ ವಾಸನೆ ಕಿಟಕಿಯಲ್ಲಿ ಬಂದಾಗ ಗಾಜು ಇಳಿಸಿದಳು. ವಿಜಯವಾಡದಲ್ಲಿ ಇಳಿದು, ಬಸ್ಸಿನಲ್ಲಿ ಕೊಂಡಪಲ್ಲಿ ಮುಟ್ಟಿದಾಗ ಮಧ್ಯಾಹ್ನ.

"ಏನ್ ಗಗನಮ್ಮಾ, ಫೋನ್ ಸುದ್ದಾ ಮಾಡ್ದಂಗ ಬಂದಿ? ಕಾಲೇಜಿನಾಗ ಓಡಿಸಿದ್ರೇನು?" ಬಳ್ಳಾರಿಯಿಂದ ಮದುವೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಅತ್ತೆಯ ಮಾತು ಬಳ್ಳಾರಿಯದೇ.

ಗಗನಾ ನಿಂತಲ್ಲೇ ಆ ಸಾಲನ್ನು ಕನ್ನಡದಲ್ಲಿ ಹೇಳಿದಳು. ಅತ್ತೆ ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

"ಎರಡು ಸಲ ಬರ್ದು ಕೊಟ್ಟಿದ್ರಾ?"

"ಹೂಂ."

"ಅವರ ಫೋಟೋಕ್ಕ ಹೂ ಏರಿಸೋದು ಬಿಟ್ಟು ಎರಡೂವರೆ ತಿಂಗ್ಳಾತು, ಗೊತ್ತೇನು?"

"ತಪ್ಪು ನಂದು, ಅತ್ತೆ."

"ನಿಂದು ಆಮ್ಯಾಲೆ ನೋಡೋಣ. ನಡಿ."

ಉಮಾದೇವಿ ಬಾಗಿಲು ಅರ್ಧ ತೆರೆದು ಹೊಸ್ತಿಲಲ್ಲಿ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ರಾತ್ರಿಯಿಡೀ ಕೂತು ತಿದ್ದಿ ಬರೆದ ಒಂದು ಪುಟವನ್ನು ಗಗನಾ ಚೀಲದಿಂದ ತೆಗೆದಳು. ಅತ್ತೆ ಅದನ್ನು ಕಿತ್ತು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡಳು.

"ಸಾರಾಂಶ ಬ್ಯಾಡ. ಆಕೀಗೆ ಎಲ್ಲಾ ಓದು."

ಗಗನಾ ಮೆಟ್ಟಿಲ ಮೇಲೆ ಕೂತು ವರದಿಯನ್ನು ಮೊದಲ ಪುಟದಿಂದ ಶುರುಮಾಡಿದಳು. ಒಂದೊಂದೇ ವಾಕ್ಯ, ತೆಲುಗಿನಲ್ಲಿ. ಹದಿನಾಲ್ಕನೆಯ ಪ್ಯಾರಾ ಬಂತು.

"ಮತ್ತೊಂದ್ಸಲ," ಎಂದಳು ಉಮಾದೇವಿ.

ಮತ್ತೊಂದು ಸಲ ಓದಿದಳು. ಉಮಾದೇವಿ ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲಲ್ಲೇ ಕೂತಳು. ಅತ್ತೆಯ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ.

"ಇನ್ನೆಷ್ಟು ಪುಟ ಇವೆ?" ಎಂದು ಗಗನಾಳನ್ನೇ ಕೇಳಿದಳು.

"ಆರು."

"ಓದು. ಕಂಪನಿಯವರನ್ನ ಕೇಳೋಕೆ ಏನಾದ್ರೂ ದಾರಿ ಬರೆದಿರ್ತಾರೆ."

ಮುಗಿದುಹೋಗಿದ್ದ ಅರವತ್ತು ದಿನದ ಸಾಲು ಕೊನೆಯ ಪುಟದಲ್ಲಿತ್ತು. ಗಗನಾ ಹಾಳೆ ತಿರುವಿ, ಒಂದು ಪದವನ್ನೂ ಬಿಡದೆ ಅದರ ಕಡೆಗೆ ಓದತೊಡಗಿದಳು.