ಮೇಲಿನಿಂದ ಸುತ್ತಿದ ಹಗ್ಗ

ಮರದ ಸುತ್ತಿಗೆಯಿಂದ ಇನ್ನೊಂದು ಏಟು ಹಾಕಿದ್ದೇ ವಿಂಚಿನ ಮೋಟರು ಡ್ರಮ್ಮಿನಿಂದ ಬಿಟ್ಟುಕೊಂಡು ಸೊಸೆಯ ಮಡಿಲಿಗೇ ಬಂತು. ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿ ಬೆಂಚಿನ ಮೇಲಿಟ್ಟಳು. ಶೆಡ್ಡಿನ ಬಾಗಿಲಲ್ಲಿ ಬೆನ್ನು ಹಾಕಿ ಕೂತಿದ್ದ ಅತ್ತೆ ತಿರುಗಿ ನೋಡಲಿಲ್ಲ.

"ಒಳಗೇನೂ ಸಿಗಲ್ಲ ಬಿಡು. ತಪ್ಪು ಅದರದ್ದಲ್ಲ, ನನ್ನ ಕೈಯ್ದು," ಎಂದರು.

ಆ ಕೈಯ ಮೇಲೆ ಊರಿಗೆಲ್ಲ ನಂಬಿಕೆಯಿತ್ತು. ಕೆಟ್ಟು ನಿಂತ, ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಎಳೆದು ತರುವುದು ಅವರ ಮನೆಯ ಕಸುಬು. ಮಾವ ತೀರಿಕೊಂಡ ಮೇಲೆ ಜೀಪು ಓಡಿಸಿದ್ದು ಅತ್ತೆ. ಗಾಡಿಯವರೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ರಿಪೇರಿ ಹಿರಿಯ ಮಗನದಾಗಿತ್ತು. ಹೋದ ವರ್ಷ ಅವನು ಜ್ವರದಲ್ಲಿ ಹೋಗಿಬಿಟ್ಟಾಗ ಅವನ ಸ್ಪ್ಯಾನರುಗಳನ್ನು ಸೊಸೆ ಎತ್ತಿಕೊಂಡಳು. ಎತ್ತಿಕೋ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಜೀಪಿನ ಮೂತಿಗೆ ಬಿಗಿದಿದ್ದ ವಿಂಚು ಮಾವನ ಕಾಲದ್ದು. ಬ್ಯಾಟರಿಯಿಂದ ತಿರುಗುವ ಡ್ರಮ್ಮು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ಕಳೆದ ವಾರ ಆಸ್ಪತ್ರೆಯ ಹಿಂದಿನ ಇಳಿಜಾರಿನಲ್ಲಿ ಒಂದು ಕಾರನ್ನು ಮೇಲಕ್ಕೆ ಎಳೆಯುತ್ತಿದ್ದಾಗ, ಚಕ್ರಕ್ಕೆ ಅಡ್ಡ ಬಂದ ಕಲ್ಲನ್ನು ತೆಗೆಯಲು ಅತ್ತೆ ಸ್ವಿಚ್ಚು ಬಿಟ್ಟರು. ಬಿಟ್ಟರೆ ಹಗ್ಗ ಇದ್ದಲ್ಲೇ ನಿಲ್ಲಬೇಕು. ನಿಲ್ಲಲಿಲ್ಲ. ಡ್ರಮ್ಮು ತಾನಾಗಿ ಹಿಂದಕ್ಕೆ ತಿರುಗಿತು. ಮೊದಲು ಮೆಲ್ಲಗೆ, ಆಮೇಲೆ ಬಿರಬಿರನೆ. ಕಾರು ಹೋಗಿ ಕೆಳಗಿನ ಗೋಡೆಗೆ ಬಡಿಯಿತು. ಒಳಗೆ ಯಾರೂ ಇರಲಿಲ್ಲ. ಆದರೆ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಆ ಗೋಡೆಯ ಮುಂದೆ ಆಗಷ್ಟೇ ದಾಟಿ ಹೋಗಿದ್ದಳು. ಅತ್ತೆ ಅದನ್ನು ನೋಡಿದ್ದರು.

ಡ್ರಮ್ಮನ್ನು ಗಿಯರಿಗೆ ಕೂಡಿಸುವ ಲಿವರನ್ನು ತಾನು ಅರ್ಧಕ್ಕೇ ಬಿಟ್ಟಿರಬೇಕು, ವಯಸ್ಸಾಯಿತು ಎಂದು ಅವರೇ ತೀರ್ಪು ಕೊಟ್ಟುಕೊಂಡರು. ಅಂದಿನಿಂದ ಸ್ಟೀರಿಂಗು ಮುಟ್ಟಿಲ್ಲ. ಜೀಪು ಮಾರಿಬಿಡು ಎಂದು ಕಿರಿಯ ಮಗನಿಗೆ ಹೇಳಿದರು. ಕೊಳ್ಳುವವರು ಭಾನುವಾರ ಬರುತ್ತಾರೆ.

ಮೈದುನ ಬೆಳಿಗ್ಗೆ ಬಂದು ಹಾಸಿದ ಪೇಪರಿನ ಮೇಲಿನ ಬಿಡಿಭಾಗಗಳನ್ನು ನೋಡಿ ನಕ್ಕಿದ್ದ. "ಏನತ್ತಿಗೆ, ಆಪರೇಷನ್ನಾ, ಪೋಸ್ಟ್‌ಮಾರ್ಟಮ್ಮಾ?"

"ಎದ್ದು ಕೂತ್ರೆ ಆಪರೇಷನ್ನು," ಎಂದಿದ್ದಳು.

ಹೋಗುವಾಗ ಅವನು, ಅಣ್ಣ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದ. ಆ ಮನೆಯಲ್ಲಿ ಈ ಮಾತು ಎಲ್ಲದಕ್ಕೂ ಬೀಳುವ ಉಪ್ಪಿನ ಹಾಗೆ ಆಗಿಹೋಗಿತ್ತು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುತ್ತಾರೆ. ವರ್ಷ ತುಂಬುವುದರೊಳಗೆ ಅವನ ಗೊರಕೆ, ಮರೆವು, ಮೂಗಿನ ತುದಿಯ ಸಿಟ್ಟು ಎಲ್ಲ ಮಾಯವಾಗಿ ಬರೀ ಗುಣ ಉಳಿದಿತ್ತು. ಅಷ್ಟು ಒಳ್ಳೆಯವನೊಬ್ಬನ ಜೊತೆ ತಾನು ಯಾವಾಗ ಸಂಸಾರ ಮಾಡಿದೆ ಎಂದು ಸೊಸೆಗೆ ಒಮ್ಮೊಮ್ಮೆ ನೆನಪಾಗುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ.

ಗಿಯರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಳು. ಹಳೆಯ ಗ್ರೀಸು ಡಾಂಬರಿನ ಹಾಗೆ ಕಟ್ಟಿಕೊಂಡಿತ್ತು. ಕೆರೆದು ಹೊಸದು ತುಂಬಿದಳು. ಮೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ನುಗಳು ಸವೆದಿದ್ದವು, ಬದಲಿಸಿದಳು. ಅವಳ ಅನುಮಾನವೆಲ್ಲ ಡ್ರಮ್ಮಿನ ಒಳಗಿನ ಬ್ರೇಕಿನ ಮೇಲಿತ್ತು. ಬಿಚ್ಚಿ ನೋಡಿದರೆ ಅದು ಒಣಗಿ, ಶುಚಿಯಾಗಿ, ಮದುವೆಗೆ ಹೊರಟ ಹಾಗಿತ್ತು. ಲಿವರನ್ನು ಅರ್ಧಕ್ಕೆ ನಿಲ್ಲಿಸಲು ನೋಡಿದಳು. ಒಳಗಿನ ಸ್ಪ್ರಿಂಗು ಅದನ್ನು ಒಂದೋ ಈ ಕಡೆಗೆ, ಇಲ್ಲವೇ ಆ ಕಡೆಗೆ ಎಸೆಯಿತು. ಅರ್ಧ ಎಂಬುದೇ ಅದಕ್ಕೆ ಇರಲಿಲ್ಲ.

ಯಂತ್ರದ ತಪ್ಪೂ ಅಲ್ಲ, ಅತ್ತೆಯ ತಪ್ಪೂ ಅಲ್ಲ. ಹಾಗಾದರೆ?

ಬಣ್ಣ ಬಳಿಯುವ ಮೊದಲು ಡ್ರಮ್ಮಿನ ಪಕ್ಕದ ತಟ್ಟೆಯನ್ನು ತಂತಿಬ್ರಷ್ಷಿನಿಂದ ಉಜ್ಜುತ್ತಿದ್ದಾಗ, ತುಕ್ಕಿನ ಅಡಿಯಿಂದ ಎರಕದಲ್ಲೇ ಮೂಡಿಸಿದ ಒಂದು ಬಾಣ ಎದ್ದುಬಂತು. ಎಳೆಯುವಾಗ ಡ್ರಮ್ಮು ತಿರುಗಬೇಕಾದ ದಿಕ್ಕು. ಆ ದಿಕ್ಕಿಗೆ ತಿರುಗಿದರೆ ಹಗ್ಗ ಡ್ರಮ್ಮಿನ ಅಡಿಯಿಂದ ಒಳಗೆ ಬರಬೇಕು. ಅವಳು ಬಿಚ್ಚಿದಾಗ ಅದು ಮೇಲಿನಿಂದ ಬಂದಿತ್ತು. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ, ಅಷ್ಟೆ.

ಹಗ್ಗ ಉಲ್ಟಾ ಸುತ್ತಿದರೆ ಸ್ವಿಚ್ಚೂ ಉಲ್ಟಾ ಆಗುತ್ತದೆ. ಎಳೆ ಎಂದರೆ ಬಿಡುತ್ತದೆ. ಸುತ್ತಿದವನು ಅದನ್ನು ಕಂಡಿದ್ದಾನೆ. ಹಗ್ಗ ಬಿಚ್ಚಿ ಸುತ್ತುವ ಬದಲು ಮೋಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದಾನೆ. ಸ್ವಿಚ್ಚು ಸರಿಹೋಗಿದೆ. ಬ್ರೇಕು ಮಾತ್ರ ಒಂದೇ ದಿಕ್ಕಿಗೆ ಹಿಡಿಯುವಂಥದ್ದು. ದಿಕ್ಕು ಬದಲಾಗಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ. ಸಮತಟ್ಟು ರಸ್ತೆಯಲ್ಲಿ, ಇಲ್ಲವೇ ನಡುವೆ ನಿಲ್ಲಿಸದೆ ಎಳೆದಾಗ, ವರ್ಷವಿಡೀ ಏನೂ ಗೊತ್ತಾಗಿಲ್ಲ.

ತಂತಿಗಳಿಗೆ ಸುತ್ತಿದ ಟೇಪಿನ ತುದಿ ಸಣ್ಣದಾಗಿ ಮಡಚಿತ್ತು. ಮುಂದೆ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು ಹಾಗೆ ಮಡಚುತ್ತಿದ್ದವನು ಒಬ್ಬನೇ. ಜ್ವರ ಬರುವ ಹಿಂದಿನ ಸಂಜೆ ಹೊಸ ಹಗ್ಗ ಹಾಕಿ, ಕೈ ಒರೆಸಿಕೊಂಡು, ಫಸ್ಟ್ ಕ್ಲಾಸ್ ಎಂದಿದ್ದ.

ಹಗ್ಗವನ್ನೂ ತಂತಿಗಳನ್ನೂ ಸುಮ್ಮನೆ ಸರಿಮಾಡಿ, ರಿಪೇರಿಯಾಯಿತು ಎಂದುಬಿಡಬಹುದಿತ್ತು. ಮಗ ಹಾಗೇ ಒಳ್ಳೆಯವನಾಗಿ ಉಳಿಯುತ್ತಿದ್ದ. ಅತ್ತೆ ತಮ್ಮ ಕೈಯನ್ನು ಶಪಿಸಿಕೊಂಡು ಜೀಪು ಮಾರುತ್ತಿದ್ದರು. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಆಗುವಂತೆ, ಸೊಸೆಗೆ ಮೈಯೆಲ್ಲ ಚುಚ್ಚುವ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದದ್ದು. ಅವಳು ಅದನ್ನು ತಡೆಯಲಿಲ್ಲ.

"ಅತ್ತೆ, ಬನ್ನಿ ಇಲ್ಲಿ."

"ಅಲ್ಲಿಂದ್ಲೇ ಹೇಳು."

"ಹೇಳೋದಲ್ಲ. ನೀವು ಕೈಯಿಟ್ಟು ನೋಡ್ಬೇಕು."

ಲಿವರನ್ನು ಅವರ ಕೈಗೆ ಕೊಟ್ಟು, ಅರ್ಧಕ್ಕೆ ನಿಲ್ಲಿಸಿ ಎಂದಳು. ಅತ್ತೆ ಒತ್ತಿದರು, ಕಟಕ್. ಮತ್ತೆ ಒತ್ತಿದರು, ಕಟಕ್. ಆಮೇಲೆ ಬಾಣ, ಹಗ್ಗ, ತಂತಿ ಎಲ್ಲವನ್ನೂ ಬೆರಳಿಟ್ಟು ತೋರಿಸಿದಳು. ಅತ್ತೆ ಟೇಪಿನ ಮಡಿಕೆಯ ಮೇಲೆ ಉಗುರಾಡಿಸಿದರು.

"ಇದು ನಿಮ್ಮ ಮಗ ಮಾಡಿದ್ದು," ಎಂದಳು. "ಬಿಚ್ಚಿ ಸುತ್ತೋಕೆ ಬೇಜಾರು."

ಅತ್ತೆ ಮಡಿಕೆಯನ್ನು ಉಗುರಿನಿಂದ ಎತ್ತಿ, ಮತ್ತೆ ಒತ್ತಿ ಕೂರಿಸಿದರು.

"ಸೋಮಾರಿ," ಎಂದರು ಅತ್ತೆ ಕೊನೆಗೆ, ಟೇಪಿಗೆ ಹೇಳುವ ಹಾಗೆ. "ಚಿಕ್ಕೋನಿದ್ದಾಗ ಅಂಗಿ ಗುಂಡಿ ಒಂದಕ್ಕೊಂದು ತಪ್ಪಿ ಹಾಕ್ಕೊಳ್ಳೋನು. ಬಿಚ್ಚಿ ಹಾಕ್ಕೊಳ್ಳೋ ಅಂದ್ರೆ ಬಿಚ್ಚೋನಲ್ಲ. ಕಾಲರು ಜಗ್ಗಿ ಸರಿ ಮಾಡ್ಕೊಂಡು ಸ್ಕೂಲಿಗೆ ಓಡೋನು."

"ಮದುವೆ ಆದ್ಮೇಲೂ ಅಷ್ಟೇ."

ಅತ್ತೆ ಮೂಗಿನಲ್ಲಿ ನಕ್ಕರು. ಆಮೇಲೆ ಇಬ್ಬರೂ ಕೂತು ಅವನನ್ನು ಚೆನ್ನಾಗಿ ಬೈದರು. ಹಾಸಿಗೆಯ ಮೇಲೆ ಬಿಡುತ್ತಿದ್ದ ಒದ್ದೆ ಟವೆಲ್ಲು, ಮುಚ್ಚಳ ಹಾಕದ ಎಣ್ಣೆ ಡಬ್ಬ, ಗೊರಕೆ. ಬೈಯುತ್ತಾ ಬೈಯುತ್ತಾ ಸೊಸೆ ಕೈಯ ಗ್ರೀಸಿನಲ್ಲೇ ಕಣ್ಣೊರೆಸಿಕೊಂಡಳು. ಅತ್ತೆ ನೋಡಿಯೂ ನೋಡದ ಹಾಗೆ ನಟ್ಟುಗಳನ್ನು ಆರಿಸಿ ಕೊಡುತ್ತಿದ್ದರು.

ಶನಿವಾರದ ಹೊತ್ತಿಗೆ ವಿಂಚು ಜೀಪಿಗೆ ಏರಿತು. ಹಗ್ಗವನ್ನು ಸಡಿಲವಾಗಿ ಸುತ್ತಬಾರದು, ಭಾರ ಇರಬೇಕು. ಶೆಡ್ಡಿನ ಪಕ್ಕದ ಏರಿನ ಮೇಲಿದ್ದ ಕಂಬಕ್ಕೆ ಕೊಕ್ಕೆ ಹಾಕಿ, ಜೀಪನ್ನು ತಳದಲ್ಲಿ ನಿಲ್ಲಿಸಿ, ತನ್ನ ಹಗ್ಗವನ್ನು ತಾನೇ ಸುತ್ತಿಕೊಳ್ಳುತ್ತಾ ಅದು ಮೇಲೇರುವಂತೆ ಮಾಡಬೇಕು. ಒಳಗೆ ಕೂತವರು ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟಿರಬೇಕು. ಯಾರು ಕೂರುವುದು ಎಂದು ಸೊಸೆ ಕೇಳಲಿಲ್ಲ. ಸ್ವಿಚ್ಚು ಹಿಡಿದು ಪಕ್ಕಕ್ಕೆ ನಿಂತಳು. ಅತ್ತೆ ಸೀಟಿನ ಧೂಳು ಕೊಡವಿ ಹತ್ತಿದರು.

ಹಗ್ಗ ಡ್ರಮ್ಮಿನ ಅಡಿಯಿಂದ ಒಂದೊಂದೇ ಸುತ್ತು ಒತ್ತಾಗಿ ಕೂರುತ್ತಾ ಬಂತು. ಜೀಪು ಏರಿನ ನಡುಮಧ್ಯಕ್ಕೆ ಬಂದಾಗ ಅತ್ತೆ ಕಿಟಕಿಯಿಂದ ತಲೆ ಹಾಕಿದರು.

"ಹಿಂದೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ."

"ಬಿಡು."

ಸೊಸೆ ಸ್ವಿಚ್ಚು ಬಿಟ್ಟಳು. ಮೋಟರಿನ ಸದ್ದು ನಿಂತಿತು. ಹಗ್ಗ ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಅತ್ತೆ ಬ್ರೇಕಿನಿಂದ ಒಂದು ಕಾಲು ತೆಗೆದರು, ಇನ್ನೊಂದನ್ನೂ ಎತ್ತಿದರು. ಇಳಿಜಾರಿನ ನಡುವೆ ನಿಂತ ಜೀಪಿನಲ್ಲಿ, ಡ್ರೈವರ್ ಸೀಟಿನ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತರು.