ತಿದ್ದುಪಡಿಗೆ ಬಂದ ಮನೆಗಳು

ಸ್ಟೂಲಿನ ಮೇಲೆ ನಿಂತು ಮಗಳು ನಾಲ್ಕನೆಯ ಶೂ ಡಬ್ಬವನ್ನು ಬೀರುವಿನ ಮೇಲಿಂದ ಎಳೆಯುತ್ತಿದ್ದಂತೆ ಅದರ ತಳ ಕಿತ್ತುಬಂತು. ಒಳಗಿದ್ದ ಲಕೋಟೆಗಳೆಲ್ಲ ಅವಳ ತಲೆ, ಹೆಗಲು, ಸ್ಟೂಲಿನ ಸುತ್ತ ದಪದಪನೆ ಸುರಿದವು.

"ಸಿಕ್ತೇನಮ್ಮಾ?" ಬಾಗಿಲಲ್ಲಿ ನಿಂತಿದ್ದ ಕನ್ನಡಕದಂಗಡಿಯವರು ಕೇಳಿದರು.

"ಇನ್ನೂ ಇಲ್ಲ."

"ಹಸಿರು ಗೇಟು. ಗೇಟಿನ ಪಕ್ಕ ನಾಯಿ."

"ನಾಯಿ ಇದೆಯೋ, ತೆಗೆದುಬಿಟ್ಟಿದ್ದಾರೋ ನಂಗೆ ಗೊತ್ತಿಲ್ಲ ಅಂಕಲ್."

"ತೆಗೀಬೇಡಿ ಅಂತ ಎಷ್ಟು ಸಲ ಹೇಳಿದ್ದೆ."

"ಅದನ್ನ ಅಮ್ಮನ್ನೇ ಕೇಳಿ," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವರು ನಿಜಕ್ಕೂ ಕೇಳಿಬರುವವರ ಹಾಗೆ ಹಾಲಿನ ಕಡೆ ಒಮ್ಮೆ ನೋಡಿದರು. ಅಲ್ಲಿ ತಾಯಿಯನ್ನು ಮಲಗಿಸಿ ಹದಿನೆಂಟು ಗಂಟೆಯಾಗಿತ್ತು. ಹನ್ನೊಂದಕ್ಕೆ ಶವದ ಗಾಡಿ ಬರುವುದಿತ್ತು. ಈಗ ಹತ್ತೂಕಾಲು.

ಬೆಳಗ್ಗೆಯಿಂದ ಇದೇ ಆಗಿತ್ತು. ಬಂದವರು ಮೊದಲು ಹಾಲಿನಲ್ಲಿ ತಲೆ ತಗ್ಗಿಸಿ ನಿಲ್ಲುವರು, ಕಣ್ಣೊರೆಸಿಕೊಳ್ಳುವರು. ಆಮೇಲೆ ಮೆಲ್ಲನೆ ಗೋಡೆಗೆ ಸರಿದು, ಗೋಡೆಗುಂಟ ನಡುಕೋಣೆಗೆ ಬಂದು, "ಇಂಥ ಹೊತ್ತಲ್ಲಿ ಕೇಳಬಾರದು, ಆದ್ರೂ..." ಎನ್ನುವರು. ಟೈಲರ್ ಒಮ್ಮೆ ಕೇಳಿದ್ದ. ಮಹಡಿ ಮನೆಯಾಕೆ ಎರಡು ಸಲ ಕೇಳಿದ್ದಳು. ನಿನ್ನೆಯಿಂದ ಒಂದು ಗಳಿಗೆ ಅಳಲಿಕ್ಕೂ ಬಿಡುವಿಲ್ಲ, ಈ ಜನಕ್ಕೆ ಅಮ್ಮ ತಿದ್ದೋಕೆ ಇಸ್ಕೊಂಡ ಕಾರ್ಡು ಬೇಕಂತೆ.

ಆದರೂ ಅವಳು ಡಬ್ಬದ ಮೇಲೆ ಡಬ್ಬ ಇಳಿಸುತ್ತಿದ್ದುದು ಅವರಿಗಾಗಿ ಮಾತ್ರ ಅಲ್ಲ. ಈ ರಾಶಿಯಲ್ಲೆಲ್ಲೋ ಅವಳದ್ದೂ ಒಂದಿತ್ತು. ಬೇರೆಯವರ ಕೈಗೆ ಸಿಕ್ಕುವ ಮೊದಲು ಅದು ತನಗೆ ಸಿಗಬೇಕು. ಅದರೊಳಗೆ ಅಮ್ಮ ಯಾರನ್ನು ಕತ್ತರಿಸಿ ತೆಗೆದಿದ್ದಾಳೆ, ಯಾರನ್ನು ಉಳಿಸಿದ್ದಾಳೆ ಎಂಬುದು ತನಗೆ ಮೊದಲು ಗೊತ್ತಾಗಬೇಕು.

*

ತಾಯಿ ಮೂವತ್ತೆರಡು ವರ್ಷ ಕಟ್ಟಡಗಳ ಕಚೇರಿಯಲ್ಲಿ ನಕ್ಷೆಗಳನ್ನು ನಕಲು ಮಾಡುತ್ತಿದ್ದವಳು. ಊರಲ್ಲಿ ಯಾರು ಮನೆ ಕಟ್ಟಿದರೂ, ಕಟ್ಟಿದ ಮನೆಗೆ ಇನ್ನೊಂದು ಕೋಣೆ ಸೇರಿಸಿದರೂ ಕಾಗದ ಅವಳ ಮೇಜಿಗೆ ಬರಬೇಕಿತ್ತು. ರಜಾದಿನಗಳಲ್ಲಿ ದಪ್ಪ ಕಾಗದ, ಬ್ಲೇಡು, ಸ್ಕೇಲು, ಗೋಂದಿನ ಬಾಟಲಿ ಇಟ್ಟುಕೊಂಡು ಕೂರುವಳು. ಹೊರಗಿನಿಂದ ನೋಡಿದರೆ ಮಾಮೂಲಿ ಶುಭಾಶಯದ ಕಾರ್ಡು. ಬಿಚ್ಚಿದರೆ ಮಡಿಕೆಯೊಳಗಿಂದ ಒಂದು ಮನೆ ಎದ್ದು ನಿಲ್ಲುತ್ತಿತ್ತು. ಯಾವುದೋ ಮನೆಯಲ್ಲ, ಯಾರಿಗೆ ಕೊಡುತ್ತಾಳೋ ಅವರದೇ ಮನೆ. ಮೆಟ್ಟಿಲು ಎಷ್ಟಿವೆಯೋ ಅಷ್ಟೇ ಮೆಟ್ಟಿಲು. ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ ರಟ್ಟು ಸಹ.

ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ಹೊಗಳಿ ಸುಮ್ಮನಿರುತ್ತಿದ್ದರು. ಆದರೆ ಅವಳಿಗೆ ಕೊಟ್ಟ ಕಾರ್ಡನ್ನು ವಾಪಸು ಕೇಳುವ ಚಟ.

"ನಿಮ್ಮ ಕಾರ್ಡ್ ಸ್ವಲ್ಪ ಕೊಡಿ," ಎಂದು ಮಹಡಿ ಮನೆಯ ಬಾಗಿಲು ತಟ್ಟುವಳು.

"ಯಾಕ್ರೀ, ಚೆನ್ನಾಗೇ ಇದೆಯಲ್ಲ?"

"ಬಾಲ್ಕನಿಗೆ ಗ್ರಿಲ್ ಹಾಕ್ಸಿದ್ದೀರಿ. ಕಾರ್ಡಲ್ಲಿಲ್ಲ."

"ಇಲ್ದಿದ್ರೆ ಏನಾಯ್ತು, ಕಳ್ಳ ಕಾರ್ಡೊಳಗಿಂದ ಬರ್ತಾನಾ?"

ತಾಯಿ ನಗುತ್ತಿರಲಿಲ್ಲ. ಕೈ ಚಾಚಿ ನಿಂತೇ ಇರುವಳು. ಬೀದಿಯಲ್ಲಿ ಬಣ್ಣ ಬದಲಿಸಿದವರು, ಗೇಟು ತೆಗೆಸಿದವರು, ಮರ ಕಡಿಸಿದವರು ಎಲ್ಲರೂ ಹೀಗೆ ಕಾರ್ಡು ಒಪ್ಪಿಸಿ ಹದಿನೈದು ದಿನ, ತಿಂಗಳು ಕಾಯಬೇಕಿತ್ತು. ಏನು ಬದಲಾಗಬೇಕು ಎಂದು ಒಂದು ಚೀಟಿ ಬರೆದು ಲಕೋಟೆಯೊಳಗೆ ಇಡುವಳು, ಥೇಟ್ ಕಚೇರಿಯ ಹಾಗೆ.

ಕನ್ನಡಕದಂಗಡಿಯವರ ನಾಯಿ ಸತ್ತಾಗ ವಾರ ಕಳೆಯುವ ಮೊದಲೇ ಹೋಗಿ ಕೇಳಿದ್ದಳು. ಅವರಿಗೆ ಸಿಟ್ಟು ನೆತ್ತಿಗೇರಿತ್ತು.

"ನಾಯಿ ಹೋಗಿದ್ದು ನಂಗೆ ಗೊತ್ತಿಲ್ವಾ? ಕಾರ್ಡಲ್ಲಾದ್ರೂ ಇರಲಿ ಬಿಡ್ರೀ!"

"ಇಲ್ಲದ್ದನ್ನ ಇದೆ ಅಂತ ಹೆಂಗ್ರೀ ತೋರಿಸೋದು?"

ಅವರು ಕಾರ್ಡನ್ನು ಹೆಚ್ಚುಕಡಿಮೆ ಮುಖದ ಮೇಲೆ ಎಸೆದಂತೆ ಕೊಟ್ಟಿದ್ದರು. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಮಗಳಿಗೆ ನಾಚಿಕೆಯಿಂದ ಅವರ ಅಂಗಡಿಯ ಮುಂದೆ ಹಾದುಹೋಗಲಾಗದೆ ಸುತ್ತುಬಳಸಿನ ದಾರಿಯಲ್ಲಿ ಕೆಲಸಕ್ಕೆ ಹೋಗುವಂತಾಗಿತ್ತು.

*

"ಏನಿದು, ಪೋಸ್ಟಾಫೀಸ್ ಕೌಂಟರಾ?" ಅಣ್ಣ ಫೋನು ಕಿವಿಗೆ ಹಿಡಿದೇ ಒಳಗೆ ಬಂದ. "ಹತ್ತೂವರೆಗೆ ಎಲ್ಲರೂ ಹಾಲಲ್ಲಿರ್ಬೇಕು ಅಂತ ಮೆಸೇಜ್ ಹಾಕಿದ್ದೀನಿ ತಾನೆ? ಅರ್ಧ ಜನ ಇಲ್ಲೇ ಇದ್ದಾರೆ. ಹಾಲಲ್ಲಿ ಅಮ್ಮ ಒಬ್ಬಳೇ."

"ನಾನು ಕರೆದಿದ್ದಾ? ಅವರೇ ಬರ್ತಿದ್ದಾರೆ."

"ಎಲ್ಲಾ ಒಂದು ಚೀಲಕ್ಕೆ ತುಂಬಿ ಇಡು, ಆಮೇಲೆ ಯಾರ್ಯಾರದ್ದು ಅಂತ ನೋಡಿದ್ರಾಯ್ತು."

"ಚೀಲಕ್ಕೆ ತುಂಬಿದ್ರೆ ಮುರಿದುಹೋಗುತ್ತೆ!" ಮಹಡಿ ಮನೆಯಾಕೆ, ಟೈಲರ್, ಕನ್ನಡಕದಂಗಡಿಯವರು ಒಟ್ಟಿಗೇ ಕೂಗಿದರು. ಅಣ್ಣ ಮೂವರನ್ನೂ ದುರುಗುಟ್ಟಿ ನೋಡಿ, "ಹಲೋ, ನಿಮಗಲ್ಲ, ಎಡಕ್ಕೆ ತಿರುಗಿ, ಎಡಕ್ಕೆ!" ಎಂದು ಫೋನಿನಲ್ಲಿ ಡ್ರೈವರನಿಗೆ ಕೂಗುತ್ತ ಹೊರಟುಹೋದ.

ಅವನು ಹೋದ ಜಾಗಕ್ಕೆ ಚಿಕ್ಕಮ್ಮ ಬಂದಳು. ತಾಯಿಯ ತಂಗಿ. ಮೆತ್ತಗೆ ಮಾತಾಡುತ್ತಿದ್ದೇನೆ ಎಂದುಕೊಂಡು ಇಡೀ ಮನೆಗೆ ಕೇಳುವಂತೆ ಮಾತಾಡುವುದು ಅವಳ ಅಭ್ಯಾಸ.

"ಅವನಿಗೆ ಹೇಳಿದ್ರೇನೇ?"

"ಯಾರಿಗೆ?"

"ಯಾರಿಗೆ ಅಂತೀಯಲ್ಲ. ಕಟ್ಕೊಂಡ ಗಂಡನಿಗೆ."

ಲಕೋಟೆ ಹೆಕ್ಕುತ್ತಿದ್ದ ಮಗಳು ತಲೆಯೆತ್ತಲಿಲ್ಲ. "ಚಿಕ್ಕಮ್ಮಾ, ಇವತ್ತೊಂದಿನ ಬಿಟ್ಬಿಡು."

"ಬಿಟ್ಟೆ ಬಿಟ್ಟೆ. ಬಂದಿದ್ರೆ ಇದೇ ನೆಪದಲ್ಲಿ ಕೂತು ಮಾತಾಡಬಹುದಿತ್ತು ಅಂದೆ ಅಷ್ಟೇ. ಅಕ್ಕನಿಗೂ ಒಳಗೊಳಗೇ ಅದೇ ಕೊರಗು."

"ನಿನ್ ಹತ್ರ ಹೇಳಿದ್ಲಾ?"

"ಹೇಳ್ಬೇಕಾ? ಮಗಳು ಗಂಟುಮೂಟೆ ಕಟ್ಕೊಂಡು ಬಂದು ಕೂತ್ರೆ ಯಾವ ತಾಯಿಗೆ ಸುಖ? ನೀನು ಅಲ್ಲೇ ಇರ್ಬೇಕಿತ್ತು ಅಂತಾನೇ ಅವಳ ಮನಸಲ್ಲಿ."

ಮಗಳು ಇನ್ನೊಂದು ಲಕೋಟೆ ಬಿಚ್ಚಿದಳು. ಅಮ್ಮನ ಮನಸಲ್ಲಿ ಏನಿತ್ತೆಂದು ಅವಳಿಗೂ ಗೊತ್ತಿರಲಿಲ್ಲ. ಅದೇ ಸಂಕಟ.

*

ಏಳು ತಿಂಗಳ ಹಿಂದೆ ಎರಡು ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬಂದಾಗ ತಾಯಿ ಮೇಜಿನ ಮೇಲೆ ಬಾಗಿ ಯಾರದೋ ನೀರಿನ ಟ್ಯಾಂಕು ಕತ್ತರಿಸುತ್ತಿದ್ದಳು. ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದಳು, ಸೂಟ್‌ಕೇಸುಗಳನ್ನು ನೋಡಿದಳು.

"ಊಟ ಆಯ್ತಾ?"

"ಇಲ್ಲ."

"ಹಿಂದಿನ ಕೋಣೇಲಿಡು. ಫ್ಯಾನ್ ಸದ್ದು ಮಾಡುತ್ತೆ."

ಅಷ್ಟೇ. ಯಾಕೆ ಬಂದೆ, ಎಷ್ಟು ದಿನಕ್ಕೆ ಬಂದೆ, ಒಂದು ಮಾತಿಲ್ಲ. ಮೂರನೆಯ ದಿನ ಬೆಳಗ್ಗೆ ಕಾಫಿ ಲೋಟ ಮುಂದಿಟ್ಟು ಕೇಳಿದ್ದು, "ಮದುವೇಲಿ ಕೊಟ್ಟಿದ್ದೆನಲ್ಲ, ಆ ಕಾರ್ಡ್ ತಂದಿದ್ದೀಯಾ?"

ತಂದಿದ್ದಳು. ಗಂಡನ ಮನೆ, ನಾಲ್ಕು ಮೆಟ್ಟಿಲು, ತೆರೆದ ಬಾಗಿಲಲ್ಲಿ ಅವನು, ಪಕ್ಕದಲ್ಲಿ ಅವಳು. ತಾಯಿ ತೆಗೆದುಕೊಂಡು ಲಕೋಟೆಗೆ ಹಾಕಿ ಚೀಟಿ ಬರೆದಳು. ಏನು ಬರೆದಳೋ ತೋರಿಸಲಿಲ್ಲ.

ತಿಂಗಳಾಯಿತು, ಎರಡಾಯಿತು. ಮೂಲೆ ಅಂಗಡಿಯ ಬೋರ್ಡು ತಿದ್ದಿ ಕೊಟ್ಟಾಯಿತು, ಇನ್ನಾರದೋ ಹಿತ್ತಲ ಗೋಡೆ ಎದ್ದಾಯಿತು. ತನ್ನದು ಮಾತ್ರ ಬರಲಿಲ್ಲ. ಒಂದು ಸಂಜೆ ಮಗಳ ತಾಳ್ಮೆ ತಪ್ಪಿತು.

"ಒಬ್ಬನ್ನ ಕತ್ತರಿಸಿ ಬಿಸಾಡೋಕೆ ಐದು ತಿಂಗಳು ಬೇಕೇನಮ್ಮಾ? ಅಥವಾ ನನ್ನೇ ಕತ್ತರಿಸ್ತಿದ್ದೀಯಾ? ಅದಾದ್ರೂ ಹೇಳು!"

ತಾಯಿ ಬ್ಲೇಡನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡಳು. "ಗೋಡೆ ನಿಲ್ಲಿಸೋ ಪಟ್ಟೀನ ಅವನ ಬೆನ್ನಿಗೇ ಅಂಟಿಸಿಬಿಟ್ಟಿದ್ದೀನಿ ಕಣೇ. ಮದುವೆ ಗಡಿಬಿಡೀಲಿ ನಂಗೆ ತೋಚಲಿಲ್ಲ. ಅವನ್ನ ತೆಗೆದ್ರೆ ಮನೆ ಪೂರ್ತಿ ಮಲಗುತ್ತೆ. ನಂದೇ ತಪ್ಪು."

"ನಾನು ಕೇಳಿದ್ದೇನು, ನೀನು ಹೇಳೋದೇನು!" ಮಗಳು ಬಾಗಿಲು ಧಡಾರನೆ ಹಾಕಿಕೊಂಡಿದ್ದಳು. ಬದುಕಿನ ಬಗ್ಗೆ ಕೇಳಿದರೆ ಗೋಂದು, ಪಟ್ಟಿ, ಮಡಿಕೆ. ಈ ಹೆಂಗಸಿನೊಡನೆ ಮಾತಾಡುವುದಾದರೂ ಹೇಗೆ? ಆಮೇಲೆ ಅವಳು ಕಾರ್ಡಿನ ಸುದ್ದಿ ಎತ್ತಲಿಲ್ಲ. ತಾಯಿಯೂ ಎತ್ತಲಿಲ್ಲ. ನಿನ್ನೆ ಮಧ್ಯಾಹ್ನ ಉಂಡು ಮಲಗಿದವಳು ನಾಲ್ಕು ಗಂಟೆಗೆ ಏಳಲಿಲ್ಲ.

*

ಹತ್ತೂಮುಕ್ಕಾಲಿಗೆ ಹಸಿರು ಗೇಟು ಸಿಕ್ಕಿತು.

ಕನ್ನಡಕದಂಗಡಿಯವರು ಲಕೋಟೆಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಬಿಚ್ಚಿದರು. ಮನೆ ಎದ್ದು ನಿಂತಿತು. ನಾಯಿ ಇತ್ತು. ಆದರೆ ಗೇಟಿನ ಪಕ್ಕ ಕಿವಿ ನಿಮಿರಿಸಿ ನಿಂತಿದ್ದದ್ದು ಈಗ ಮೆಟ್ಟಿಲ ಬಳಿ ಮುದುಡಿಕೊಂಡು ಮಲಗಿತ್ತು.

"ನೋಡಿ ನೋಡಿ! ಸುಮ್ನೆ ಬಿಡ್ತಾರಾ? ಏನಾದ್ರೂ ಒಂದು ತಿದ್ದಲೇಬೇಕು!" ಅವರ ಗದರಿಕೆ ಅರ್ಧಕ್ಕೇ ಒಡೆಯಿತು. ತಮ್ಮ ಕನ್ನಡಕ ತೆಗೆದು, ಎಲ್ಲಿ ಇಡಬೇಕೆಂದು ತೋಚದೆ, ಮಗಳ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು.

ಎಲ್ಲ ಡಬ್ಬ ಮುಗಿದಿತ್ತು. ಅವಳದ್ದು ಇರಲಿಲ್ಲ.

"ಏನು ಹುಡುಕ್ತಿದ್ದೀಯ?" ಮಹಡಿ ಮನೆಯಾಕೆ ಕೇಳಿದಳು. "ನಿಂದಾ? ನಿಂದು ಇಲ್ಲೆಲ್ಲಿರುತ್ತೆ! ನಿನ್ನೆ ಬೆಳಗ್ಗೆ ನಾನು ಬಂದಾಗ್ಲೂ ಅದನ್ನೇ ಮುಂದಿಟ್ಕೊಂಡಿದ್ರು. ಮಂಚದ ಪಕ್ಕ ಹಲಗೆ ಮೇಲೆ ನೋಡು."

ತಾಯಿಯ ಕೋಣೆಯಲ್ಲಿ, ಬರೆಯುವ ಹಲಗೆಯ ಮೇಲೆ, ಪೇಪರಿನಡಿ ಕಾರ್ಡು ಅರ್ಧ ಬಿಚ್ಚಿಕೊಂಡೇ ಇತ್ತು. ಮಗಳು ನೆಲದ ಮೇಲೆ ಕೂತಳು. ಒಂದು ಕ್ಷಣ ತಡೆದು ಪೂರ್ತಿ ಬಿಚ್ಚಿದಳು.

ಗಂಡನ ಮನೆ ಇರಲಿಲ್ಲ. ಎದ್ದು ನಿಂತದ್ದು ಈ ಮನೆ: ಓರೆಯಾದ ಮೀಟರ್ ಡಬ್ಬ, ಒಂದು ಅಂಚು ಮುರಿದ ಮೆಟ್ಟಿಲು, ಪಕ್ಕದಲ್ಲಿ ಇಳಿದ ಕೊಳವೆ. ಬಾಗಿಲಲ್ಲಿ ಅವಳು, ಮದುವೆಯ ವರ್ಷ ಕತ್ತರಿಸಿದ ಅದೇ ಅವಳು, ಅದೇ ಜಾಗದಲ್ಲಿ. ಅವಳನ್ನು ಒಂದು ಕೂದಲೆಳೆಯಷ್ಟೂ ಕದಲಿಸದೆ ಸುತ್ತಲಿನ ಮನೆಯನ್ನೇ ಕಿತ್ತು ಬೇರೆ ಕೂರಿಸಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಗೋಡೆಯ ಹಿಂದೆ ಹೊಸ ಪಟ್ಟಿಗಳು, ಒಂದಲ್ಲ, ಮೂರು. ಕಾರ್ಡನ್ನು ಅಲ್ಲಾಡಿಸಿ ನೋಡಿದಳು. ಗೋಡೆ ಜಗ್ಗಲಿಲ್ಲ.

ಕೆಳಗೆ ಚೀಟಿ ಇತ್ತು. ತಾಯಿಯ ಗುಂಡು ಅಕ್ಷರ.

ಅವನನ್ನು ತೆಗೆಯುವುದು. ಗುರುತು ಹಾಕಿತ್ತು.

ಮನೆ ಬದಲು. ಗುರುತು.

ಪಟ್ಟಿ ಗಟ್ಟಿಯಾಗಿ. ಗುರುತು.

ಕಿಟಕಿಯಲ್ಲಿ ನಾನು. ಗುರುತಿರಲಿಲ್ಲ.

ಚೀಟಿಯ ಮಡಿಕೆಯೊಳಗೆ ಹೆಬ್ಬೆರಳ ಉಗುರಿನಷ್ಟು ಒಬ್ಬ ಹೆಂಗಸು ಇದ್ದಳು. ಮೇಜಿನ ಮೇಲೆ ಬಾಗಿದವಳು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೆಳಗೆ ಅಂಟಿಸಲು ಬಿಟ್ಟ ಚಿಕ್ಕ ಚೂರು.

ಹೊರಗೆ ಗಾಡಿ ಬಂತು. ಹಾಲಿನಲ್ಲಿ ಕುರ್ಚಿಗಳು ಸರಿದವು. ಯಾರೋ ಜೋರಾಗಿ ಅತ್ತರು. ಮಗಳು ಹಲಗೆಯ ಮೇಲಿದ್ದ ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಒಣಗಿ ಹಿಡಿದುಕೊಂಡಿತ್ತು, ಹಲ್ಲಿನಿಂದ ಕಚ್ಚಿ ತೆಗೆದಳು.

"ಎಲ್ಲೇ ಇದ್ದೀಯ?" ಅಣ್ಣ ಬಾಗಿಲಿಗೆ ಬಂದ. "ಡ್ರೈವರ್ ಬಾಯಿಗೆ ಬಂದಂಗೆ ಅಂತಿದ್ದಾನೆ, ಇನ್ನೊಂದು ಕಡೆ ಹೋಗ್ಬೇಕಂತೆ. ಏಳು ಬೇಗ."

"ಏಳೋಕಾಗಲ್ಲ."

"ಯಾಕೆ, ಏನಾಯ್ತು?"

"ಬೆರಳು ತೆಗೆಯೋ ಹಾಗಿಲ್ಲ. ಈಗ ತಾನೆ ಅಂಟಿಸಿದ್ದೀನಿ."

"ತಲೆಗಿಲೆ ಕೆಟ್ಟಿದೆಯಾ? ಅಲ್ಲಿ ಅಮ್ಮನ್ನ ಎತ್ತಬೇಕು, ನೀನಿಲ್ಲಿ..." ಅವನು ಬಗ್ಗಿದ. ಕಾರ್ಡು ನೋಡಿದ. ಚೀಟಿ ನೋಡಿದ. ಅವಳ ಹೆಬ್ಬೆರಳಿನ ಅಂಚಿನಲ್ಲಿ ಕಾಣುತ್ತಿದ್ದ ಕಾಗದದ ತಲೆಯನ್ನು ನೋಡಿದ.

"ಎಷ್ಟಾಯ್ತು?"

"ಹನ್ನೆರಡು."

"ನೂರಾ?"

"ಇನ್ನೇನು ಮತ್ತೆ."

ಚಿಕ್ಕವರಿದ್ದಾಗ ತಾಯಿ ಇಬ್ಬರ ಬೆರಳುಗಳನ್ನೂ ಹೀಗೆ ಕಾರ್ಡಿಗೆ ಒತ್ತಿಸಿ ಕೂರಿಸುತ್ತಿದ್ದಳು. ನೂರರೊಳಗೆ ತೆಗೆದವರು ಮತ್ತೆ ಒಂದರಿಂದ ಎಣಿಸಬೇಕಿತ್ತು. ಅಣ್ಣನ ಫೋನು ಹೊಡೆದುಕೊಂಡಿತು. ಅವನು ಹಲ್ಲು ಕಚ್ಚಿ ಅದನ್ನು ಆಫ್ ಮಾಡಿದ. "ಹದಿಮೂರು ಹದಿನಾಲ್ಕು ಹದಿನೈದು ಹದಿನಾರು..."

"ಓಡಬೇಡ. ನಿಧಾನ."

"ಅಯ್ಯೋ, ನಿನ್ನಜ್ಜಿ!" ಎಂದ. ಆದರೆ ನಿಧಾನವಾಗಿ ಮುಂದುವರಿಸಿದ.

ಮಹಡಿ ಮನೆಯಾಕೆ ಒಮ್ಮೆ ಇಣುಕಿ ನೋಡಿ ಹಾಲಿಗೆ ಹೋಗಿ ಹೇಳಿದ್ದು ಇಲ್ಲಿಗೂ ಕೇಳಿಸಿತು. "ಇರ್ರೀ, ಯಾರೂ ಎತ್ತಬೇಡಿ. ಅಂಟು ಹಿಡೀತಾ ಇದೆ."

"ಯಾವ ಅಂಟೇ?" ಚಿಕ್ಕಮ್ಮನ ದನಿ. ಸರಿದ ಕುರ್ಚಿಗಳು ಮತ್ತೆ ಸ್ವಸ್ಥಾನಕ್ಕೆ ಬಂದ ಸದ್ದಾಯಿತು. ಗಾಡಿ ಉದ್ದಕ್ಕೆ ಹಾರನ್ ಹೊಡೆಯಿತು. ಹೊರಗೆ ಕನ್ನಡಕದಂಗಡಿಯವರು ಡ್ರೈವರನ ಮೇಲೆ ರೇಗುತ್ತಿದ್ದರು.

ನಲವತ್ತರ ಹೊತ್ತಿಗೆ ಅವಳು ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡಳು. ಅಣ್ಣ ಶರ್ಟಿನ ತೋಳು ಮೇಲೆಳೆದುಕೊಂಡು ನೆಲಕ್ಕೆ ಕುಕ್ಕರಿಸಿದ. ಕಿಟಕಿಯ ಹಿಂಬದಿಯಿಂದ ತನ್ನ ಹೆಬ್ಬೆರಳನ್ನು ತಂದು ಅವಳದ್ದಕ್ಕೆ ಎದುರಾಗಿ ಒತ್ತಿದ. ನಡುವೆ, ಕನ್ನಡಕ ಜಾರಿದ ಆ ಹೆಂಗಸು ಇಬ್ಬರ ಉಗುರುಗಳ ಸಂದಿಯಿಂದ ಒಂದಿಷ್ಟೇ ಕಾಣುತ್ತಿದ್ದಳು.

"ನಲವತ್ತೊಂದು," ಎಂದ.

"ಮತ್ತೆ ಓಡ್ತಿದ್ದೀಯ. ಮೂವತ್ತೊಂಬತ್ತು," ಎಂದಳು ಅವಳು.