ಬೆತ್ತ ಹೋದ ಖುರ್ಚಿ

ಅಂದಾನೆಪ್ಪ ಧಾರವಾಡದ ಹರಾಜಿನಲ್ಲಿ ಹಿಡಿದು ತಂದ ಆರಾಮ ಖುರ್ಚಿಗೆ ಎಡಗೈ ಇರಲಿಲ್ಲ, ಬೆತ್ತವೂ ಇರಲಿಲ್ಲ. ಸಾಗವಾನಿಯ ನಾಲ್ಕು ಕಾಲು, ಹಿಂದಕ್ಕೆ ವಾಲಿದ ಉದ್ದನೆಯ ಚೌಕಟ್ಟು, ಬಲಕ್ಕೊಂದು ಕೈ, ಅಷ್ಟೇ. ಗಜೇಂದ್ರಗಡದಲ್ಲಿ ಬಸ್ಸಿನ ಮೇಲಿಂದ ಅದನ್ನು ಇಳಿಸಿದ ಹಮಾಲ, “ಸಾವಕಾರ್ರ, ಉಳಿದದ್ದು ನಾಳಿ ಬಸ್ಸಿಗೆ ಬರತೈತೇನ್ರಿ?” ಎಂದು ಕೇಳಿದ.

ಅಂದಾನೆಪ್ಪನಿಗೆ ನಗು ಬರಲಿಲ್ಲ. ಅವನ ತಂದೆ ಈಶಪ್ಪನಿಗೆ ದಮ್ಮು. ಎರಡು ವರ್ಷದಿಂದ ಮುದುಕ ನೆಲಕ್ಕೆ ಬೆನ್ನು ಹಚ್ಚಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತರೆ ತುಸು ಹೊತ್ತಿಗೆ ಪಕ್ಕಕ್ಕೆ ಜಾರಿ ಎಚ್ಚರಾಗುತ್ತಿತ್ತು. ರೋಣದ ಡಾಕ್ಟರು ವಾಲಿದ ಬೆತ್ತದ ಖುರ್ಚಿ ಸಿಕ್ಕರೆ ನೋಡಿ ಎಂದಿದ್ದರು. ಬೆನ್ನಿಗೆ ಆಸರೆಯೂ ಆಗಬೇಕು, ಗಾಳಿಯೂ ಆಡಬೇಕು. ಹರಾಜಿನಲ್ಲಿ ಅಂಥದ್ದು ಇದ್ದದ್ದು ಇದೊಂದೇ.

ಖುರ್ಚಿ ಗುಡ್ಡದ ಕೆಳಗಿನ ಬಡಿಗೇರ ಕಳಕಪ್ಪನ ಅಂಗಳಕ್ಕೆ ಬಂತು. ನಲವತ್ತು ವರ್ಷ ಕೂರಿಗೆ, ಬಾಗಿಲು, ಮಗ್ಗದ ಸಾಮಾನು ಮಾಡಿದ ಕೈ ಅವನದು. ಬಲಗೈಯನ್ನು ನೋಡಿ ಎಡಗೈ ಮಾಡುವುದೆಂದರೆ ಹಾಗೇ ನಕಲು ಇಳಿಸುವುದಲ್ಲ, ಪ್ರತಿಯೊಂದು ಬಾಗನ್ನೂ ಮಗುಚಿ ಹಾಕಬೇಕು. ಬಿದ್ದ ಮನೆಯೊಂದರ ಹಳೆಯ ಬಾಗಿಲ ಚೌಕಟ್ಟು ತಂದು ಎಂಟು ದಿನ ಕೆತ್ತಿದ. ಎಣ್ಣೆ ತಿಕ್ಕಿ ಕೂಡಿಸಿದ ಮೇಲೆ ಯಾವುದು ಹಳೆಯದು, ಯಾವುದು ಹೊಸದು ಎಂದು ಅಂದಾನೆಪ್ಪನಿಗೆ ತಿಳಿಯಲಿಲ್ಲ. ಕಳಕಪ್ಪನಿಗೆ ತುಸು ಹೆಮ್ಮೆಯೇ ಆಯಿತು.

ಬೆತ್ತದ ಜಾಗಕ್ಕೆ ಬಂದಾಗ ಆ ಹೆಮ್ಮೆ ಇಳಿಯಿತು. ಹಗ್ಗ ಹೆಣೆದು ಮನೆಗೆ ಕಳಿಸಿದ, ಎರಡೇ ದಿನಕ್ಕೆ ಜೋತು ಮುದುಕನ ನಡು ಮಡಚಿತು. ಮರಳಿ ತರಿಸಿ ದಪ್ಪ ಬಟ್ಟೆ ಬಿಗಿದ; ಬೆನ್ನು ಬೆವರಿ ಕೆಮ್ಮು ಹೆಚ್ಚಿತು. ಹುಬ್ಬಳ್ಳಿಯಲ್ಲಿ ಬೆತ್ತ ಹೆಣೆಯುವವನೊಬ್ಬನಿದ್ದ, ಹೋದ ವರ್ಷ ತೀರಿಕೊಂಡ ಎಂದು ಗೊತ್ತಾಯಿತು. ಅಂದಾನೆಪ್ಪ ಅಲ್ಲಿಂದ ಸೀಳಿದ ಬೆತ್ತದ ಒಂದು ಕಟ್ಟು ತಂದನೇ ಹೊರತು ಹೆಣೆಯುವವರನ್ನು ತರಲಾಗಲಿಲ್ಲ.

ಒಂದು ಮಧ್ಯಾಹ್ನ ನೇಕಾರ ಓಣಿಯ ಸುಶೀಲವ್ವ ಬಂದಳು. ಐವತ್ತು ದಾಟಿದ ಹೆಂಗಸು. ಗಂಡ ಹೋದ ಮೇಲೆ ಮಗ್ಗವನ್ನು ತಾನೇ ನಡೆಸುತ್ತಿದ್ದಳು. ಲಾಳಿಯ ಮೂತಿ ಒಡೆದು ನೂಲು ಕಡಿಯುತ್ತಿತ್ತು. ಕಳಕಪ್ಪ ಅದನ್ನು ನಯ ಮಾಡುತ್ತಿದ್ದಾಗ ಅವಳು ಖುರ್ಚಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಚೌಕಟ್ಟಿನ ತೂತುಗಳ ಮೇಲೆ ಬೆರಳಾಡಿಸುತ್ತಿದ್ದಳು.

“ಕಳಕಪ್ಪಣ್ಣ, ಈ ತೂತಿನ ಬಾಯಿ ನೋಡಿದೇನು?”

“ನೋಡೀನಿ ತಗೋ. ಸವದಾವ. ಒಂಚೂರು ತಿಕ್ಕಿ ಸಪಾಟ ಮಾಡಬೇಕು.”

“ಮುಟ್ಟಬ್ಯಾಡ!” ಅವಳು ಕೈ ಅಡ್ಡ ಹಿಡಿದಳು. “ಸುಮ್ಮ ಸವದಿಲ್ಲ ಇವು. ಒಂದೊಂದು ತೂತಿಗೂ ಮೂರು ಗೀರು ಅದಾವ. ಒಂದು ನೆಟ್ಟಗ, ಒಂದು ಎಡಕ್ಕ ಓರಿ, ಒಂದು ಬಲಕ್ಕ ಓರಿ. ನೆಟ್ಟಗ ಇರೋದು ಆಳ ಐತಿ. ಅಲ್ಲಿ ಎರಡೆಳಿ ಹೋಗಿರಬೇಕು.”

ಕಳಕಪ್ಪ ಲಾಳಿ ಕೆಳಗಿಟ್ಟು ಬಂದ. ಕಣ್ಣಿಗೆ ಏನೂ ಕಾಣಲಿಲ್ಲ. ಅವಳು ಅವನ ತೋರುಬೆರಳು ಹಿಡಿದು ತೂತಿನ ಅಂಚಿಗೆ ಒತ್ತಿದಳು. ಆಗ ಉಗುರಿಗೆ ಸಿಕ್ಕಿತು: ಒಂದು, ಎರಡು, ಮೂರು. ಪಕ್ಕದ ತೂತಿಗೂ ಮೂರು. ಅದರ ಪಕ್ಕದ್ದಕ್ಕೂ. ಹದಿನೈದು ದಿನ ಈ ಕಟ್ಟಿಗೆಯನ್ನು ತಿಕ್ಕಿ ತೀಡಿದ್ದರೂ ಅವನಿಗೆ ಇದು ತಿಳಿದಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಎಲ್ಲವನ್ನೂ ತಾನೇ ಅಳಿಸಿಬಿಡುತ್ತಿದ್ದ.

“ಹೆಣೀತಿಯೇನು, ಸುಶೀಲಕ್ಕಾ?”

“ಬೆತ್ತ ನಾ ಯಾವತ್ತೂ ಹಿಡಿದಾಕಿ ಅಲ್ಲ,” ಎಂದಳು. ಆದರೆ ಕಣ್ಣು ತೂತುಗಳನ್ನು ಎಣಿಸುತ್ತಲೇ ಇತ್ತು.

ಮರುದಿನ ಮಗ್ಗದ ಕೆಲಸ ಮುಗಿಸಿ ಬಂದಳು. ಮೊದಲ ಬೆತ್ತ ಲಟಕ್ಕನೆ ಮುರಿಯಿತು. ಕಟ್ಟನ್ನು ನೀರಿಗೆ ಹಾಕಿ, ಮೆತ್ತಗಾದ ಮೇಲೆ ಮತ್ತೆ ಹಿಡಿದಳು. ಉದ್ದಕ್ಕೆ ಒಂದು ಸಾಲು, ಅದರ ಮೇಲೆ ಅಡ್ಡ ಒಂದು ಸಾಲು, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡ. ನಾಲ್ಕು ದಿನಕ್ಕೆ ಚೌಕಟ್ಟಿನಲ್ಲಿ ಚಿಕ್ಕ ಚಿಕ್ಕ ಚೌಕಗಳ ಬಲೆ ಮೂಡಿತು. ಉಳಿದದ್ದು ಓರೆ ಎಳೆ. ಅದು ಮಾತ್ರ ಹೋಗಲೊಲ್ಲದು. ಎಳೆದಂತೆಲ್ಲ ಸಿಕ್ಕಿ, ಬೆತ್ತದ ಸಿಪ್ಪೆ ಎದ್ದು ಬೆರಳಿಗೆ ಚುಚ್ಚಿತು. ಎರಡು ಸಲ ಎಳೆದು ನೋಡಿದ ಅವಳು ಕಳಕಪ್ಪನ ಉಳಿ ತಗೊಂಡು ನಾಲ್ಕು ದಿನದ ಹೆಣಿಗೆಯನ್ನು ಪೂರ್ತಿ ಕೊಯ್ದುಬಿಟ್ಟಳು.

“ಏ, ಏನು ಮಾಡಿದಿ ಇದು!” ಎಂದು ಅವನು ಕೂಗಿಕೊಂಡ.

“ತಪ್ಪು ನೇಯ್ಗಿ ಮ್ಯಾಲ ಮುಂದ ನೇಯಾಕ ಬರೂದಿಲ್ಲ, ಅಣ್ಣ. ಅಡ್ಡದ ಎರಡನೇ ಸಾಲು ಸುಮ್ಮ ಮ್ಯಾಲ ಬಿದ್ದಿತ್ತು. ಅದು ಒಂದರ ಕೆಳಗ, ಒಂದರ ಮ್ಯಾಲ ಹಾದು ಹೋಗಬೇಕು.”

ಮತ್ತೆ ನಾಲ್ಕು ದಿನ. ಐದನೆಯ ದಿನ ಓರೆ ಎಳೆ ಹಿಡಿದಾಗ ಕಳಕಪ್ಪ ಮರ ಹೆರೆಯುವ ರಂದಾ ಬಿಟ್ಟು ಎದುರಿಗೆ ಕೂತ. ಅವಳು ಎಳೆಯನ್ನು ಉದ್ದದ ಜೋಡಿಯ ಮೇಲೆ ಹಾಯಿಸಿ, ಅಡ್ಡದ ಜೋಡಿಯ ಕೆಳಗೆ ತೂರಿಸಿ ಎಳೆದಳು. ಈ ಸಲ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನೀರೊಳಗೆ ಮೀನು ಜಾರಿದ ಹಾಗೆ ಈ ತುದಿಯಿಂದ ಆ ತುದಿಗೆ ಸರಿದುಹೋಯಿತು. ಎದುರಿನಿಂದ ಬಂದ ಓರೆ ಎಳೆಯೂ ಬಿಗಿಯಾದಾಗ, ಅಲ್ಲಿಯವರೆಗೆ ಚೌಕವಾಗಿದ್ದ ಕಿಂಡಿಗಳು ಇಬ್ಬರ ಕಣ್ಣೆದುರಿಗೇ ಒಂದೊಂದಾಗಿ ಎಂಟು ಮೂಲೆಯ ಹೂವಾಗಿ ಅರಳಿದವು. ಸುಶೀಲವ್ವ ಕೈ ತೆಗೆದು, ತಾನೇ ಹೆಣೆದದ್ದನ್ನು ಪರರ ಕೆಲಸವೆಂಬಂತೆ ನೋಡುತ್ತ ಕೂತಳು.

“ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತೇನು?” ಕಳಕಪ್ಪ ಮೆಲ್ಲಗೆ ಕೇಳಿದ.

“ಇಲ್ಲಪಾ,” ಎಂದಳು. “ಖರೇನ ಗೊತ್ತಿರಲಿಲ್ಲ.”

ಖುರ್ಚಿಯನ್ನು ಅಂದಾನೆಪ್ಪನ ಪಡಸಾಲೆಗೆ ಹೊತ್ತು ತಂದ ದಿನ ಸುಶೀಲವ್ವನೂ ಜೊತೆಗೆ ಬಂದು ಬಾಗಿಲ ಹೊರಗೆ ನಿಂತಳು. ಈಶಪ್ಪ ಮಗನ ಹೆಗಲು ಹಿಡಿದು ಅಂಜುತ್ತ ಕೂತ, ನಿಧಾನ ಹಿಂದಕ್ಕೆ ಒರಗಿದ. ಬೆತ್ತ ಒಮ್ಮೆ ಕಿರುಗುಟ್ಟಿ ಅವನ ಭಾರವನ್ನು ಹೊತ್ತು ನಿಂತಿತು. ಮುದುಕ ಎರಡು ಕೈಯನ್ನೂ ಖುರ್ಚಿಯ ಕೈಗಳ ಮೇಲೆ ಚಾಚಿದ. ಉಸಿರಿನ ಸುಯ್ಯೆನ್ನುವ ಸಪ್ಪಳ ಸಣ್ಣಗಾಗುತ್ತ ಬಂತು. ಏನೋ ಹೇಳಲು ಬಾಯಿ ತೆರೆದವನು ಹೇಳದೆ ನಿದ್ದೆ ಹೋದ. ಹೊತ್ತು ಇಳಿದರೂ ಏಳಲಿಲ್ಲ. ಅಂದಾನೆಪ್ಪ ಮೂರು ಸಲ ಬಂದು ಮೂಗಿನ ಬಳಿ ಕೈ ಹಿಡಿದು ನೋಡಿ, ಮೂರನೆಯ ಸಲ ಅಲ್ಲೇ ಕಂಬಕ್ಕೆ ಮುಖವಿಟ್ಟು ಅತ್ತುಬಿಟ್ಟ.

ಸಂಜೆ ಎಚ್ಚರಾದ ಈಶಪ್ಪ ಮೊದಲು ಕೇಳಿದ್ದು, “ಇದನ್ನ ಹೆಣದವರು ಯಾರು?”

ಹೊರಗಿನ ಕಟ್ಟೆಯ ಮೇಲೆ ಇನ್ನೂ ಕಾಯುತ್ತಿದ್ದ ಸುಶೀಲವ್ವನನ್ನೂ ಕಳಕಪ್ಪನನ್ನೂ ಒಳಗೆ ಕರೆದರು.

“ಯಾರ ಕಡೆ ಕಲ್ತಿ, ತಂಗಿ?”

“ಮೊದಲು ಹೆಣದಿದ್ನಲ್ಲರಿ, ಅವನ ಕಡೆ. ಯಾಂವೋ, ಎಲ್ಲಿಯಾಂವೋ. ಎಳಿ ಹ್ಯಾಂಗ ಹೋಗಬೇಕಂತ ತೂತಿನ ಬಾಯಾಗ ಬಿಟ್ಟು ಹೋಗಿದ್ದ.”

ಈಶಪ್ಪ ಮಗನ ಕೈ ಹಿಡಿದು ಎದ್ದು ನಿಂತು, ಖುರ್ಚಿಯನ್ನು ತೋರಿಸಿದ. “ಕುಂದ್ರು.”

“ಅಯ್ಯ, ನಾ ಬ್ಯಾಡ್ರಿ, ಯಜಮಾನ್ರ.”

“ಕುಂದ್ರವ್ವ. ನೀ ಏನು ಮಾಡೀ ಅಂತ ನಿನಗ ಗೊತ್ತಾಗಬೇಕು.”

ಅವಳು ಸೀರೆಯ ಸೆರಗು ಸರಿ ಮಾಡಿಕೊಂಡು ತುದಿಯಲ್ಲಿ ಕೂತಳು. ಕಳಕಪ್ಪ ಕಣ್ಸನ್ನೆ ಮಾಡಿದ. ಮೆಲ್ಲಗೆ ಹಿಂದಕ್ಕೆ ಒರಗಿದಾಗ ಕಾಲೆರಡೂ ನೆಲ ಬಿಟ್ಟು ಮೇಲೆದ್ದವು. ಹೆದರಿ ಖುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಹಿಡಿತ ಸಡಿಲಿತು. ಬೆನ್ನ ಕೆಳಗೆ ಗಾಳಿ ಆಡುತ್ತಿತ್ತು. ಮೂವರು ಗಂಡಸರು ಸುತ್ತ ನಿಂತಿದ್ದದ್ದು ಮರೆತು, ಸುಶೀಲವ್ವ ಕಣ್ಣು ಮುಚ್ಚಿದಳು.